ಮಗಳ ಕೈಗೆ ಯಾವ ಕಾರ್ಡ್: ಪಿಯು ಹಾಸ್ಟೆಲ್‌ನಿಂದ ಹದಿನೆಂಟು ದಾಟುವವರೆಗೆ

ಮಗಳು 2023ರಲ್ಲಿ ಹತ್ತನೆಯ ತರಗತಿ ಮುಗಿಸಿ ದಕ್ಷಿಣ ಕನ್ನಡದ ಒಂದು ವಸತಿ ಪಿಯು ಕಾಲೇಜಿಗೆ ಸೇರುವುದೆಂದು ನಿಶ್ಚಯವಾದ ಮೇಲೆ, ಹಾಸಿಗೆ, ಬಕೆಟ್, ಬೀಗಗಳ ಪಟ್ಟಿಯ ಜೊತೆಗೆ ಅವಳ ಕೈಖರ್ಚಿನ ಪ್ರಶ್ನೆಯೂ ನಮ್ಮ ಮನೆಯಲ್ಲಿ ಎದ್ದಿತು. ನಾವು ಹಾಸನದವರು. ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು, ನಮ್ಮ ಯಜಮಾನರು ಔಷಧಿ ಕಂಪನಿಯೊಂದರ ಪ್ರತಿನಿಧಿ. ದುಡ್ಡಿನ ವಿಷಯದಲ್ಲಿ ಇಬ್ಬರ ದಾರಿಯೂ ಬೇರೆ. ನಾನು ಮೊದಲು ಖರ್ಚಿನ ಪುಟ ನೋಡುತ್ತೇನೆ, ಅವರು ಮೊದಲು ರಿಯಾಯಿತಿ ಎಷ್ಟು ಎಂದು ನೋಡುತ್ತಾರೆ.

ಎಲ್ಲ ವ್ಯವಹಾರವೂ ಫೋನಿನಲ್ಲೇ ನಡೆಯುವ ಈ ಕಾಲದಲ್ಲಿ ಕಾರ್ಡ್ ಏಕೆ ಎಂದು ನೆಂಟರೊಬ್ಬರು ಕೇಳಿದರು. ಕರಾವಳಿಯ ವಸತಿ ಕಾಲೇಜುಗಳನ್ನು ಬಲ್ಲವರು ಹೀಗೆ ಕೇಳುವುದಿಲ್ಲ. ಅಲ್ಲಿ ಬಹಳ ಕಡೆ ಹಾಸ್ಟೆಲ್‌ನಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ನಮ್ಮ ಮಗಳ ಕಾಲೇಜಿನಲ್ಲೂ ಅದೇ ನಿಯಮ. ಫೋನ್ ಇಲ್ಲದಿದ್ದರೆ ಯುಪಿಐ ಇಲ್ಲ. ನಗದನ್ನು ಕಟ್ಟಿ ಕೊಡೋಣ ಎಂದರೆ, ಒಂದು ಕೋಣೆಯಲ್ಲಿ ನಾಲ್ಕೈದು ಮಕ್ಕಳಿರುವಲ್ಲಿ ಟ್ರಂಕಿನೊಳಗೆ ಮೂರು ಸಾವಿರ ಇಡುವುದು ಯಾರಿಗೂ ಒಳ್ಳೆಯದಲ್ಲ. ಕಾಣೆಯಾದ ದಿನ ಕೋಣೆಯವರೆಲ್ಲ ಕಳ್ಳರಾಗುತ್ತಾರೆ. ಇನ್ನು ಬಸ್ಸಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ, ಊರಿಗೆ ಬರಲು ಆಧಾರ್ ಸಾಕು. ಆದರೆ ಮಂಗಳೂರಿನ ಕಡೆ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು, ಅಲ್ಲಿ ದುಡ್ಡು ಕೊಡಲೇಬೇಕು, ಅದೂ ಚಿಲ್ಲರೆಯಲ್ಲಿ. ಅಂದರೆ ಅವಳಿಗೆ ಬೇಕಾಗಿದ್ದುದು ಬೇಕಾದಾಗ ಸ್ವಲ್ಪ ನಗದು ತೆಗೆಯುವ ಮತ್ತು ಪುಸ್ತಕದ ಅಂಗಡಿಯಲ್ಲಿ ಉಜ್ಜುವ ಒಂದು ಸಾಧನ, ಅಷ್ಟೇ.

ಯಜಮಾನರು ಕ್ರೆಡಿಟ್ ಕಾರ್ಡಿನ ಪರ. ತಮ್ಮ ಕಾರ್ಡಿನ ಮೇಲೆ ಮಗಳ ಹೆಸರಿಗೆ ಒಂದು ಹೆಚ್ಚುವರಿ ಕಾರ್ಡ್, ಬ್ಯಾಂಕಿನವರ ಮಾತಿನಲ್ಲಿ ‘ಆ್ಯಡ್-ಆನ್’, ತೆಗೆಸಿಕೊಟ್ಟರೆ ಆಯಿತು, ಪಾಯಿಂಟೂ ಬರುತ್ತದೆ, ಕಳೆದುಹೋದರೆ ನಮ್ಮ ಖಾತೆಯ ದುಡ್ಡು ಸುರಕ್ಷಿತ ಎಂಬುದು ಅವರ ವಾದ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನೂ ಫೋನಿನಲ್ಲಿ ಅದಕ್ಕೇ ಒಗ್ಗರಣೆ ಹಾಕಿದ. "ಅಕ್ಕಾ, ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಮಗುವಿನ ಹೆಸರನ್ನು ನಮ್ಮ ಕಾರ್ಡಿಗೆ ಸೇರಿಸಿದರೆ ಅವಳು ದೊಡ್ಡವಳಾಗುವ ಹೊತ್ತಿಗೆ ಒಳ್ಳೆಯ ಸ್ಕೋರ್ ಇರುತ್ತದೆ" ಎಂದ. ಸ್ಕೋರ್ ಎಂದರೆ ಸಾಲ ಕೊಡುವವರು ನಮ್ಮನ್ನು ಎಷ್ಟು ನಂಬಬಹುದೆಂದು ಅಳೆಯುವ ಅಂಕ.

ಅವನು ಹೇಳಿದ್ದು ಅವನ ದೇಶಕ್ಕೆ ಸರಿ. ಅಲ್ಲಿ ಹಾಗೆ ಸೇರಿಸಿದವರ ಹೆಸರಿನಲ್ಲೂ ಸಾಲದ ಇತಿಹಾಸ ದಾಖಲಾಗುವುದುಂಟು. 2009ರ ಅಲ್ಲಿಯ ಕಾರ್ಡ್ ಕಾಯ್ದೆಯ ನಂತರ 21 ತುಂಬದವರಿಗೆ ಸ್ವಂತ ಆದಾಯವೋ ಜೊತೆಗೆ ಸಹಿ ಹಾಕುವವರೋ ಇಲ್ಲದೆ ಕಾರ್ಡ್ ಸಿಗುವುದು ಕಷ್ಟವಾದ್ದರಿಂದ ತಂದೆ-ತಾಯಿ ಈ ಹಾದಿ ಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡೇ ಸುರಕ್ಷಿತ ಎಂಬ ಅಲ್ಲಿಯ ಮಾತಿಗೂ ಕಾನೂನಿನ ಕಾರಣವಿದೆ. ಕ್ರೆಡಿಟ್ ಕಾರ್ಡ್ ದುರ್ಬಳಕೆಯಾದರೆ ಗ್ರಾಹಕನ ಹೊಣೆ 50 ಡಾಲರಿಗೆ ನಿಲ್ಲುತ್ತದೆ. ಡೆಬಿಟ್ ಕಾರ್ಡಿನ ಕಳವನ್ನು ಎರಡು ಕೆಲಸದ ದಿನದೊಳಗೆ ತಿಳಿಸದಿದ್ದರೆ ಅದು 500 ಡಾಲರ್‌ವರೆಗೂ ಏರಬಹುದು. ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಈ ಲೆಕ್ಕದ ಮೇಲೆ ನಿಂತಿರುವಂಥವು. ಅವನ್ನು ಹಾಸನಕ್ಕೆ ಹಾಗೆಯೇ ಹೊತ್ತು ತಂದರೆ ಹೊಂದುವುದಿಲ್ಲ.

ನಮ್ಮಲ್ಲಿ ಮೊದಲ ತಡೆ ಕಾನೂನಿನದೇ. 1872ರ ಕರಾರು ಕಾಯ್ದೆಯ 11ನೆಯ ಕಲಂ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅವರು ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧು ಎಂದು 1903ರಲ್ಲಿ, ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್, ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಾಲ ಕೊಡುವವರ ಪಾಲಿಗೆ ಆ ತೀರ್ಪು ಇಂದಿಗೂ ಲಕ್ಷ್ಮಣರೇಖೆ. ನಮ್ಮ ಸಂಘದಲ್ಲೂ ಸಾಲದ ಅರ್ಜಿಗೆ ಮೊದಲು ನೋಡುವುದು ಹುಟ್ಟಿದ ದಿನಾಂಕವನ್ನೇ. ಕ್ರೆಡಿಟ್ ಕಾರ್ಡ್ ಎಂದರೆ ಸಾಲವೇ ತಾನೆ? ಆದ್ದರಿಂದ ಹದಿನಾರರ ಹುಡುಗಿಗೆ ಸ್ವಂತ ಕ್ರೆಡಿಟ್ ಕಾರ್ಡ್ ಎಂಬುದೇ ಇಲ್ಲ. ಉಳಿದದ್ದು ಹೆಚ್ಚುವರಿ ಕಾರ್ಡ್. ಅದನ್ನು 18 ತುಂಬಿದವರಿಗೆ ಮಾತ್ರ ಕೊಡುವ ಬ್ಯಾಂಕುಗಳೇ ಹೆಚ್ಚು. ಅದರ ಪೂರ್ತಿ ಹೊಣೆ ಮೂಲ ಕಾರ್ಡಿನವರದು ಎಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನಗಳು ಸ್ಪಷ್ಟವಾಗಿ ಹೇಳುತ್ತವೆ. ಮಗಳ ಖರ್ಚು ದಾಖಲಾಗುವುದೂ ಅಪ್ಪನ ಸಾಲದ ಚರಿತ್ರೆಯಲ್ಲಿಯೇ. ತಮ್ಮ ಹೇಳಿದ ‘ಸ್ಕೋರ್’ ಲಾಭ ಇಲ್ಲಿ ಅವಳಿಗೆ ದಕ್ಕುವುದಿಲ್ಲ, ಅವಳು ಹೆಚ್ಚು ಖರ್ಚು ಮಾಡಿದರೆ ಕುಗ್ಗುವುದು ಅಪ್ಪನ ಸ್ಕೋರ್.

ಯಜಮಾನರ ಕಾರ್ಡಿನ ಮಿತಿ ಒಂದೂವರೆ ಲಕ್ಷ. ನಾನು ಕೇಳಿದ್ದು ಒಂದೇ ಪ್ರಶ್ನೆ: ಹಾಸ್ಟೆಲ್‌ನಲ್ಲಿ ಕಾರ್ಡ್ ಕಳೆದುಹೋದ ದಿನ ಅದರ ಬೆನ್ನಿಗೆ ಎಷ್ಟು ದುಡ್ಡಿರಬೇಕು? ಒಂದೂವರೆ ಲಕ್ಷವೋ ಎರಡು ಸಾವಿರವೋ? ಅಲ್ಲಿಗೆ ಚರ್ಚೆ ಮುಗಿಯಿತು. ನನ್ನ ಮಟ್ಟಿಗೆ ಡೆಬಿಟ್ಟೋ ಕ್ರೆಡಿಟ್ಟೋ ಎಂಬುದು ಎರಡನೆಯ ಪ್ರಶ್ನೆ. ಮಗುವಿನ ಕೈಯಲ್ಲಿರುವ ಕಾರ್ಡಿನ ಬೆನ್ನಿಗೆ ಹೋದರೂ ಎದೆ ಒಡೆಯದಷ್ಟು ಹಣ ಮಾತ್ರ ಇರಬೇಕು, ಮತ್ತು ಅದು ಅವಳದೇ ಹಣವಾಗಿರಬೇಕು. ಇವೆರಡೂ ಒಟ್ಟಿಗೆ ಸಿಗುವುದು ಅವಳ ಹೆಸರಿನ ಉಳಿತಾಯ ಖಾತೆಯ ಡೆಬಿಟ್ ಕಾರ್ಡಿನಲ್ಲಿ. ನಮ್ಮ ಖಾತೆಯದೇ ಇನ್ನೊಂದು ಡೆಬಿಟ್ ಕಾರ್ಡನ್ನು ಮಕ್ಕಳಿಗೆ ಕೊಟ್ಟು ಪಿನ್ ಹೇಳಿಕೊಡುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅದರಷ್ಟು ಕೆಟ್ಟ ದಾರಿ ಇನ್ನೊಂದಿಲ್ಲ. ಸಂಬಳವೆಲ್ಲ ಅದರ ಬೆನ್ನಿಗಿರುತ್ತದೆ. ಪಿನ್ ಬೇರೆಯವರಿಗೆ ಹೇಳಿದ ಮೇಲೆ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಖಾತೆದಾರರದೇ ಎಂದು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲೇ ಇದೆ.

ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರ ಮೇನಲ್ಲಿಯೇ ಹೇಳಿದೆ. ಇದು ಬಹಳ ತಂದೆ-ತಾಯಿಗೆ ಗೊತ್ತಿಲ್ಲ, ಕೆಲವು ಶಾಖೆಗಳ ಸಿಬ್ಬಂದಿಗೂ ಗೊತ್ತಿದ್ದಂತೆ ಕಾಣುವುದಿಲ್ಲ. ನಾವು ಹೋದ ಬ್ಯಾಂಕಿನ ಕೌಂಟರಿನವರು ಮೊದಲು "ಪೋಷಕರ ಜೊತೆ ಜಂಟಿ ಖಾತೆ ಮಾಡಿಸಿ ಮೇಡಂ, ಅದೇ ಸುಲಭ" ಎಂದರು. ಸುಲಭ ಅವರಿಗೆ. ಸ್ಟೇಟ್ ಬ್ಯಾಂಕಿನಂಥ ಕಡೆ ಎರಡು ಬಗೆ ಬೇರೆ ಬೇರೆ ಹೆಸರಿನಲ್ಲೇ ಇವೆ: ಪೋಷಕರ ಜೊತೆಗಿನದು ಪೆಹ್ಲಾ ಕದಮ್, ಹತ್ತು ದಾಟಿ ಸಹಿ ಮಾಡಬಲ್ಲ ಮಕ್ಕಳ ಸ್ವಂತ ಖಾತೆ ಪೆಹ್ಲಿ ಉಡಾನ್. ಎರಡಕ್ಕೂ ಡೆಬಿಟ್ ಕಾರ್ಡ್ ಉಂಟು, ದಿನಕ್ಕೆ 5,000 ರೂಪಾಯಿಯ ಮಿತಿ. ಬೇರೆ ಬ್ಯಾಂಕುಗಳ ಮಿತಿಗಳು ತುಸು ಹೆಚ್ಚುಕಡಿಮೆ. ಯಾವ ಬ್ಯಾಂಕಾದರೂ ಅಪ್ರಾಪ್ತರ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯಲು ಬಿಡುವಂತಿಲ್ಲ. ನನಗೆ ಬೇಕಾಗಿದ್ದುದೂ ಅದೇ.

ನಾನು ಸ್ವಂತ ಖಾತೆಗೇ ಹಟ ಹಿಡಿದೆ. ಅಧಿಕಾರಿಯೊಬ್ಬರು ಒಳಗಿನಿಂದ ಬಂದು, ಮಗಳ ಮುಂದೆ ಒಂದು ಖಾಲಿ ಹಾಳೆ ಇಟ್ಟು, "ಇದರ ಮೇಲೆ ನಾಲ್ಕೈದು ಬಾರಿ ಸಹಿ ಮಾಡಮ್ಮ, ಎಲ್ಲ ಒಂದೇ ಥರ ಬರಬೇಕು" ಎಂದರು. ರಜೆಯಲ್ಲಿ ಅವಳು ಹೆಸರಿನ ಕೊನೆಗೆ ಬಳ್ಳಿಯಂತೆ ಸುತ್ತಿ ಎರಡು ಚುಕ್ಕಿ ಇಡುವ ಇಂಗ್ಲಿಷ್ ಸಹಿಯೊಂದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಎರಡನೆಯ ಸಹಿಗೆ ಬಳ್ಳಿ ಚಿಕ್ಕದಾಯಿತು, ಮೂರನೆಯದರಲ್ಲಿ ಚುಕ್ಕಿ ಮರೆತುಹೋಯಿತು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದರು. ಅವಳು ಹಾಳೆ ತಿರುವಿ, ಶಾಲೆಯ ಪುಸ್ತಕದ ಮೇಲೆ ಬರೆಯುವಂತೆ ಕನ್ನಡದಲ್ಲಿ ಹೆಸರು ಬರೆದಳು. ಐದೂ ಅಚ್ಚು ಹಾಕಿದಂತೆ ಬಂದವು. ಆ ಸಹಿಯೇ ಇಂದಿಗೂ ಅವಳ ಸಹಿ. ಆಧಾರ್, ಜನನ ಪ್ರಮಾಣಪತ್ರ, ಪಾನ್ ಇಲ್ಲದ್ದಕ್ಕೆ ಫಾರ್ಮ್ 60, ನನ್ನ ಕೆವೈಸಿ ಕಾಗದಗಳು, ಇಷ್ಟರಲ್ಲಿ ಕೆಲಸ ಮುಗಿಯಿತು.

ಮೊಬೈಲ್ ಸಂಖ್ಯೆಯ ಜಾಗದಲ್ಲಿ ನನ್ನದನ್ನೇ ಬರೆಸಿದೆ. ಅವಳ ಬಳಿ ಫೋನೇ ಇರಲಿಲ್ಲವಾದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಆದರೆ ಇದರಿಂದ ಒಂದು ದೊಡ್ಡ ಅನುಕೂಲ ತಾನಾಗಿ ಒದಗಿತು. ನಮ್ಮ ದೇಶದಲ್ಲಿ 2009ರಿಂದಲೇ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಕಡ್ಡಾಯ. ಕಾರ್ಡಿನ ಮೇಲಿನ ಅಂಕಿಗಳು ಗೊತ್ತಿದ್ದ ಮಾತ್ರಕ್ಕೆ ಇಲ್ಲಿಯ ಅಂಗಡಿಯಲ್ಲಿ ಯಾರೂ ಏನನ್ನೂ ಕೊಳ್ಳಲಾಗದು, ಒಟಿಪಿ ಬೇಕು. ಆ ಒಟಿಪಿ ಬರುವುದು ಹಾಸನದಲ್ಲಿ ನನ್ನ ಮೇಜಿನ ಮೇಲಿರುವ ಫೋನಿಗೆ. ಹೀಗೆ ಪಿನ್ ಬೇಕಾದ ಕೆಲಸಗಳು ಅವಳ ಕೈಯಲ್ಲಿ, ಒಟಿಪಿ ಬೇಕಾದವು ನನ್ನ ಕೈಯಲ್ಲಿ ಎಂದು ಅಧಿಕಾರ ತಾನೇ ಹಂಚಿಹೋಯಿತು.

ಕಾರ್ಡ್ ಅಂಚೆಯಲ್ಲಿ ಬಂದ ಮೇಲೆ ಇಬ್ಬರೂ ಎಟಿಎಂಗೆ ಹೋದೆವು. ಪಿನ್ ಮಾಡಿಕೊಳ್ಳಲು ನನ್ನ ಫೋನಿಗೆ ಬಂದ ಸಂಖ್ಯೆಯನ್ನು ಓದಿ ಹೇಳಿ, ನಾನು ಗಾಜಿನ ಬಾಗಿಲು ದಾಟಿ ಹೊರಗೆ ನಿಂತೆ. "ಅಮ್ಮ, ನಿನಗೆ ಗೊತ್ತಿದ್ದರೆ ಏನು?" ಎಂದು ಒಳಗಿನಿಂದಲೇ ಕೇಳಿದಳು. "ಇಂದು ನನಗೆ ಹೇಳಿದರೆ ನಾಳೆ ರೂಮಿನವಳಿಗೂ ಹೇಳುತ್ತೀಯ" ಎಂದೆ. ಆ ಪಿನ್ ನನಗೆ ಇಂದಿಗೂ ತಿಳಿಯದು.

ಆ ರಾತ್ರಿ ಬ್ಯಾಂಕಿನ ಆ್ಯಪ್‌ನಲ್ಲಿ ಕುಳಿತು ಮಿತಿಗಳನ್ನು ಹೊಂದಿಸಿದೆವು. ಕಾರ್ಡ್ ಕೊಡಿಸುವ ಯಾರೇ ಆದರೂ ಸಮಯ ಕೊಡಬೇಕಾದ ಕೆಲಸ ಇದು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್, ವಿದೇಶ, ತಾಗಿಸಿ ಕೊಡುವ ಪಾವತಿ, ಇವನ್ನು ನಾವಾಗಿಯೇ ತೆರೆಯಬೇಕು. ತೆರೆದದ್ದನ್ನು ಯಾವಾಗ ಬೇಕಾದರೂ ಮುಚ್ಚಬಹುದು, ಒಂದೊಂದಕ್ಕೂ ಬೇರೆ ಮಿತಿ ಹಾಕಬಹುದು. ಹುರುಪಿನಿಂದ ಎಲ್ಲವನ್ನೂ ತೆರೆದುಬಿಡುವವರೇ ಹೆಚ್ಚು. ನಾವು ತಾಗಿಸುವ ಪಾವತಿಯನ್ನು ಮುಚ್ಚಿಯೇ ಇಟ್ಟೆವು. 2021ರ ಜನವರಿಯಿಂದ ಅದರಲ್ಲಿ ಒಂದೊಂದು ಬಾರಿಗೆ 5,000 ರೂಪಾಯಿಯವರೆಗೆ ಪಿನ್ ಕೇಳದೆ ಹೋಗಬಹುದು, ಹಾಸ್ಟೆಲ್ ಹುಡುಗಿಯ ಕಾರ್ಡಿಗೆ ಆ ಸೌಕರ್ಯದ ಅಗತ್ಯವಿಲ್ಲ. ಎಟಿಎಂ ಮಿತಿಯನ್ನು ದಿನಕ್ಕೆ ಸಾವಿರಕ್ಕೆ ಇಳಿಸಿದೆವು. ಆನ್‌ಲೈನ್ ಮುಚ್ಚಿತ್ತು, ಪುಸ್ತಕ ತರಿಸಬೇಕಾದಾಗ ತೆರೆದು ಮತ್ತೆ ಮುಚ್ಚುತ್ತಿದ್ದೆ.

ಹಣದ ಏರ್ಪಾಡು ಹೀಗಿತ್ತು: ನನ್ನ ಸಂಬಳದ ಖಾತೆಯಿಂದ ಪ್ರತಿ ತಿಂಗಳ 5ರಂದು 1,500 ರೂಪಾಯಿ ತಾನಾಗಿ ಅವಳ ಖಾತೆಗೆ ಹೋಗುವಂತೆ ಸ್ಥಾಯಿ ಸೂಚನೆ. ಅದರ ಹೊರತಾಗಿ ಸಾವಿರ ರೂಪಾಯಿ ಆಪತ್ತಿಗೆಂದು ಖಾತೆಯಲ್ಲೇ ಇರಬೇಕು, ಮುಟ್ಟಿದರೆ ಕಾರಣ ಹೇಳಬೇಕು. ಅಜ್ಜಿ ಹಬ್ಬಕ್ಕೆ ಕೊಟ್ಟ ದುಡ್ಡು, ಚಿಕ್ಕಪ್ಪ ಕೊಟ್ಟ ದುಡ್ಡು ಈ ಖಾತೆಗೆ ಬರಲಿಲ್ಲ. ಅವೆಲ್ಲ ಅವಳ ಹೆಸರಿನ ಠೇವಣಿಗೆ ಹೋದವು. ಖಾತೆಯಲ್ಲಿ ಮೂರು ಸಾವಿರ ದಾಟಿದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಒಂದು ವಿಷಯ ಹೇಳಬೇಕು: ಮಕ್ಕಳ ಖಾತೆಗೆ ಬರುವ ಬಡ್ಡಿ ತೆರಿಗೆಯ ಲೆಕ್ಕದಲ್ಲಿ ತಂದೆ-ತಾಯಿಯಲ್ಲಿ ಹೆಚ್ಚು ಆದಾಯವಿರುವವರ ಆದಾಯಕ್ಕೆ ಸೇರುತ್ತದೆ. ತೆರಿಗೆ ಉಳಿಸಲೆಂದು ಮಕ್ಕಳ ಹೆಸರಿನಲ್ಲಿ ದೊಡ್ಡ ಮೊತ್ತ ಇಡುವವರು ಇದನ್ನು ಮರೆಯುತ್ತಾರೆ.

ಪ್ರತಿಯೊಂದು ಖರ್ಚಿಗೂ ನನ್ನ ಫೋನಿಗೆ ಸಂದೇಶ ಬರುತ್ತಿತ್ತು. ಬೇಕರಿಗೆ 140, ಪುಸ್ತಕದಂಗಡಿಗೆ 320. ಇದು ಒಳ್ಳೆಯದೂ ಹೌದು, ತೊಂದರೆಯದೂ ಹೌದು. ಭಾನುವಾರ ಸಂಜೆ ಮಗಳು ಎಲ್ಲಿದ್ದಾಳೆಂದು ಕೇಳದೆಯೇ ಗೊತ್ತಾಗಿಬಿಡುತ್ತದೆ. ಒಂದು ನಿಯಮ ಮಾಡಿಕೊಂಡೆ: ಸಂದೇಶ ಬಂದದ್ದಕ್ಕೆಂದು ಹಾಸ್ಟೆಲ್‌ಗೆ ಫೋನ್ ಮಾಡಬಾರದು. ರಜೆಗೆ ಬಂದಾಗ ಪಾಸ್‌ಬುಕ್ ಅಚ್ಚು ಹಾಕಿಸಿಕೊಂಡು ಇಬ್ಬರೂ ಕುಳಿತು ನೋಡುವುದು, ಅಷ್ಟೇ. ಹಾಗೆ ಕುಳಿತ ಮೊದಲ ಬಾರಿಗೇ ಅವಳ ಪದ್ಧತಿಯೊಂದು ಕಂಡಿತು. ಇನ್ನೂರು, ಇನ್ನೂರು, ಮತ್ತೆ ಇನ್ನೂರು ಎಂದು ತೆಗೆದಿದ್ದಳು, ಅದೂ ಕಾಲೇಜಿನ ಪಕ್ಕದ ಬೇರೆ ಬ್ಯಾಂಕಿನ ಎಟಿಎಂನಲ್ಲಿ. ಕೈಯಲ್ಲಿ ಹೆಚ್ಚು ಇದ್ದರೆ ಖರ್ಚಾಗಿಬಿಡುತ್ತದೆ ಎಂಬುದು ಅವಳ ಎಣಿಕೆ. ಬುದ್ಧಿವಂತಿಕೆಯದೇ, ಆದರೆ ಬೇರೆ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ ಉಚಿತ ಐದು ಬಾರಿ, ಬೆಂಗಳೂರಿನಂಥ ಮಹಾನಗರದಲ್ಲಿ ಮೂರು. ಅದರ ಮೇಲೆ ಆಗ ಒಂದು ಬಾರಿಗೆ 21 ರೂಪಾಯಿವರೆಗೆ ಶುಲ್ಕ, ತೆರಿಗೆ ಬೇರೆ. 2025ರ ಮೇ 1ರಿಂದ ಆ ಮಿತಿ 23 ರೂಪಾಯಿ. ಇನ್ನೂರು ತೆಗೆದು ಇಪ್ಪತ್ತೊಂದು ಕೊಟ್ಟರೆ ಅದು ನೂರಕ್ಕೆ ಹತ್ತರ ಮೇಲಾಯಿತು. ಇದನ್ನು ನಾನು ಹೇಳಲಿಲ್ಲ, ಅವಳೇ ಪಾಸ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದಳು. ಮುಂದೆ ಐನೂರರ ಲೆಕ್ಕದಲ್ಲಿ ತೆಗೆಯತೊಡಗಿದಳು. ಅದೇ ಪಾಸ್‌ಬುಕ್ಕಿನಲ್ಲಿ ಕಾರ್ಡಿನ ವಾರ್ಷಿಕ ಶುಲ್ಕವೆಂದು ತೆರಿಗೆ ಸಮೇತ ಕಡಿದುಕೊಂಡಿದ್ದೂ ಕಂಡಿತು. ಖಾತೆ ತೆರೆಯುವ ದಿನ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಕೇಳಿದರೆ "ನಿಯಮಗಳ ಹಾಳೆಯಲ್ಲಿದೆ ಮೇಡಂ" ಎಂಬ ಉತ್ತರ.

ಎರಡನೆಯ ಪಿಯುಸಿಯಲ್ಲಿದ್ದಾಗ ದಸರಾ ರಜೆಗೆ ಊರಿಗೆ ಬರುವ ದಾರಿಯಲ್ಲಿ ಕಾರ್ಡ್ ಕಳೆಯಿತು. ಗುಂಡ್ಯದಲ್ಲಿ ಬಸ್ ನಿಂತಾಗ ಚಹಾ ಕುಡಿಯಲು ಇಳಿದವಳು, ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಬರುವ ಹೊತ್ತಿಗೆ ಪರ್ಸ್ ಇಲ್ಲವೆಂದು ನೋಡಿಕೊಂಡಳು. ಪಕ್ಕದ ಸೀಟಿನವರ ಫೋನಿನಿಂದ ನನಗೆ ಹೇಳಿದಳು, ನಾನು ಆ ಕ್ಷಣವೇ ಆ್ಯಪ್‌ನಲ್ಲಿ ಕಾರ್ಡ್ ಮುಚ್ಚಿದೆ. ಖಾತೆಯಲ್ಲಿ ಆಗ ಇದ್ದದ್ದು ಎರಡು ಸಾವಿರದೊಳಗೆ. ಪಿನ್ ಇಲ್ಲದೆ ತೆಗೆಯುವಂತಿಲ್ಲ, ತಾಗಿಸುವಂತಿಲ್ಲ, ಒಟಿಪಿ ನನ್ನ ಬಳಿ. ಒಂದು ರೂಪಾಯಿಯೂ ಹೋಗಲಿಲ್ಲ, ಹೊಸ ಕಾರ್ಡಿನ ಶುಲ್ಕ ಮಾತ್ರ ತೆತ್ತೆವು. ಅದೇ ಜಾಗದಲ್ಲಿ ಅಪ್ಪನ ಹೆಚ್ಚುವರಿ ಕ್ರೆಡಿಟ್ ಕಾರ್ಡ್ ಇದ್ದಿದ್ದರೆ, ಗುಂಡ್ಯದಿಂದ ಸಕಲೇಶಪುರದವರೆಗಿನ ಆ ಘಾಟಿಯನ್ನು ನಾನಂತೂ ಹಾಸನದಲ್ಲಿ ಕುಳಿತೇ ಹತ್ತಿಳಿಯುತ್ತಿದ್ದೆ. ಹಣ ಹೋಗಿದ್ದರೂ ದಾರಿಯಿತ್ತು: ನಮ್ಮ ತಪ್ಪಿಲ್ಲದೆ ಬೇರೆಲ್ಲೋ ಆದ ಸೋರಿಕೆಯಿಂದ ಹಣ ಹೋದಾಗ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ವಂಚನೆಯಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಅವಳಿಗೆ ಬಾಯಿಪಾಠ ಮಾಡಿಸಿದ್ದೆ.

ಪ್ರೀಪೇಯ್ಡ್ ಕಾರ್ಡುಗಳ ಬಗ್ಗೆ ಎರಡು ಮಾತು. ಹದಿಹರೆಯದವರಿಗೆಂದೇ ಆ್ಯಪ್ ಜೊತೆಗೆ ಬರುವ ಬಣ್ಣಬಣ್ಣದ ಕಾರ್ಡುಗಳಿವೆ. ತುಂಬಿದಷ್ಟೇ ಖರ್ಚು, ಆದ್ದರಿಂದ ನನ್ನ ತತ್ತ್ವಕ್ಕೆ ವಿರೋಧವೇನಿಲ್ಲ. ಆದರೆ ಅವೆಲ್ಲ ಫೋನಿನ ಸುತ್ತ ಕಟ್ಟಿದವು, ಹಾಕಿಟ್ಟ ಹಣಕ್ಕೆ ಬಡ್ಡಿಯಿಲ್ಲ, ಪಾಸ್‌ಬುಕ್ಕೂ ಇಲ್ಲ. ಬೆಂಗಳೂರಿನಲ್ಲಿ ಫೋನಿರುವ ಮಗುವಿಗೆ ಸರಿಹೋಗಬಹುದು, ನಮಗೆ ಹೊಂದಲಿಲ್ಲ.

2025ರ ಆಗಸ್ಟ್‌ನಲ್ಲಿ ಮಗಳಿಗೆ 18 ತುಂಬಿತು. ಎಂಜಿನಿಯರಿಂಗ್‌ಗೆ ಬೆಂಗಳೂರು ಸೇರುವುದೂ ಅದೇ ಹೊತ್ತಿಗೆ. ಅಪ್ರಾಪ್ತರ ಖಾತೆ ಹುಟ್ಟುಹಬ್ಬದ ದಿನ ತಾನಾಗಿ ದೊಡ್ಡವರ ಖಾತೆಯಾಗುವುದಿಲ್ಲ. ಹೊಸ ಮಾದರಿ ಸಹಿ, ಹೊಸ ಸೂಚನೆಗಳನ್ನು ಬ್ಯಾಂಕ್ ಪಡೆಯಬೇಕು. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಪರಿಷ್ಕರಿಸಿದ ನಿಯಮಗಳಲ್ಲೂ ಇದಿದೆ. ಮೊದಲೇ ಹೋಗಿ ಪಾನ್, ಹೊಸ ಕೆವೈಸಿ ಕೊಟ್ಟು, ಮೊಬೈಲ್ ಸಂಖ್ಯೆಯನ್ನು ಅವಳ ಹೆಸರಿಗೆ ಬದಲಿಸಿದೆವು. ಅಂದಿನಿಂದ ನನ್ನ ಫೋನ್ ಮೌನವಾಯಿತು. ಕಾರ್ಡಿನ ದಿನದ ಮಿತಿ ಹಲವು ಪಟ್ಟು ಏರಿತು, ಅವಳೇ ಅದನ್ನು ಇಳಿಸಿಕೊಂಡಳು.

ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಕಾರ್ಡ್ ಬಂತು. ಬಿಎಂಟಿಸಿಯ ಸಾಮಾನ್ಯ ಬಸ್ಸು ಅವಳಿಗೆ ಉಚಿತ, ಮೆಟ್ರೊ ಅಲ್ಲ. ಮೆಟ್ರೊಗೆ ಎನ್‌ಸಿಎಂಸಿ, ಅಂದರೆ ಮೊದಲೇ ಹಣ ತುಂಬಿಸಿ ಗೇಟಿಗೆ ತಾಗಿಸಿ ಪ್ರಯಾಣಿಸುವ ಕಾರ್ಡ್ ತೆಗೆದುಕೊಂಡಳು. ಅದರ ಚಿಪ್‌ನೊಳಗಿನ ಹಣಕ್ಕೆ ಪಿನ್ ಇಲ್ಲ, ಒಟಿಪಿ ಇಲ್ಲ, 2,000ದವರೆಗೆ ತುಂಬಬಹುದು, ಕಳೆದರೆ ನಗದು ಕಳೆದಂತೆ. ಅವಳು ಇನ್ನೂರು ಇನ್ನೂರರಂತೆ ತುಂಬುತ್ತಾಳೆ. ಇಲ್ಲಿ ಅವಳ ಹಳೆಯ ಪದ್ಧತಿಯೇ ಸರಿ.

ಕ್ರೆಡಿಟ್ ಕಾರ್ಡಿನ ಮಾತು ಮತ್ತೆ ಬಂದದ್ದು ಈಗ, ಅದೂ ಅವಳ ಬಾಯಿಂದಲೇ. ಕಾಲೇಜಿನ ಆವರಣದಲ್ಲಿ ಮೇಜು ಹಾಕಿ ಕುಳಿತವರೊಬ್ಬರು ಅರ್ಜಿ ಕೊಟ್ಟಿದ್ದರಂತೆ. ನಾನು ಬೇಡವೆನ್ನಲಿಲ್ಲ, ಒಂದು ಹಾಳೆ ತೆಗೆದೆ. ನಮ್ಮ ಸಂಘಕ್ಕೆ ಸಾಲ ಕೇಳಿಕೊಂಡು ಬರುವ ಹುಡುಗರಲ್ಲಿ ಕಾರ್ಡಿನ ಬಾಕಿ ತೀರಿಸಲೆಂದೇ ಬರುವವರಿದ್ದಾರೆ. ಅವರ ಕತೆಯನ್ನೇ ಅಂಕಿಯಲ್ಲಿ ಬರೆದೆ. ಬಾಕಿ 20,000 ಎನ್ನೋಣ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ 700. ಬಡ್ಡಿಯ ಮೇಲೆ ಜಿಎಸ್‌ಟಿ ನೂರಕ್ಕೆ 18, ಅಂದರೆ 126. ಒಟ್ಟು 826. ಆ ತಿಂಗಳು ಸಾವಿರ ಕಟ್ಟಿದರೆ ಅಸಲಿಗೆ ಹೋಗುವುದು 174 ರೂಪಾಯಿ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ದಿನಗಳಿಲ್ಲ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಶುಲ್ಕವೂ ಉಂಟು, ಅಂದಿನಿಂದಲೇ ಬಡ್ಡಿಯೂ ಉಂಟು. ಕಾರ್ಡ್ ಬಡ್ಡಿ ವರ್ಷಕ್ಕೆ ಶೇಕಡ 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿದೆ. "174ಕ್ಕೆ 826 ಕೊಡುವುದಾ?" ಎಂದು ಅವಳು ಇನ್ನೊಮ್ಮೆ ಕೂಡಿ ನೋಡಿದಳು.

ಆದರೂ ಕಾರ್ಡ್ ತೆಗೆದುಕೊಂಡೆವು, ಮೇಜಿನವರ ಕಾರ್ಡನ್ನಲ್ಲ. ಅಜ್ಜಿಯ ಹಬ್ಬದ ದುಡ್ಡಿನ ಠೇವಣಿ ಬೆಳೆದು 25,000 ಆಗಿತ್ತು. ಅದರ ಭದ್ರತೆಯ ಮೇಲೆ ಬ್ಯಾಂಕೇ ಕ್ರೆಡಿಟ್ ಕಾರ್ಡ್ ಕೊಡುತ್ತದೆ, ಸಂಬಳದ ಚೀಟಿ ಕೇಳುವುದಿಲ್ಲ. ಮಿತಿ ಠೇವಣಿಯ ಶೇಕಡ 80ರ ಸುಮಾರು, ಅಂದರೆ 20,000. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಕಟ್ಟದಿದ್ದರೆ ಬ್ಯಾಂಕ್ ಠೇವಣಿಯನ್ನೇ ಮುರಿದುಕೊಳ್ಳುತ್ತದೆ, ನಮ್ಮ ಮನೆಗೆ ವಸೂಲಿಯವರು ಬರುವುದಿಲ್ಲ. ಬೆನ್ನಿಗಿರುವುದು ಸಣ್ಣ ಮೊತ್ತ, ಅದೂ ಅವಳದೇ. ನನ್ನ ಹಳೆಯ ಎರಡು ಷರತ್ತುಗಳೂ ಕೂಡಿಬಂದವು. ಹೆಸರಿನಲ್ಲಿ ಸಾಲದ ಚರಿತ್ರೆಯೂ ಶುರುವಾಯಿತು. ಆನ್‌ಲೈನ್ ಖರೀದಿಗೆ ಇದು ಡೆಬಿಟ್‌ಗಿಂತ ಮೇಲು ಎಂಬುದನ್ನು ನಾನೂ ಒಪ್ಪುತ್ತೇನೆ. ತಕರಾರು ಬಗೆಹರಿಯುವವರೆಗೆ ಸಿಕ್ಕಿಬೀಳುವುದು ಬ್ಯಾಂಕಿನ ದುಡ್ಡು, ಊಟದ ದುಡ್ಡಲ್ಲ. ಈ ವಿಷಯದಲ್ಲಿ ಯಜಮಾನರ ವಾದ ಸರಿ, ಎರಡು ವರ್ಷ ಮುಂಚಿತವಾಗಿತ್ತು ಅಷ್ಟೇ.

ಆ ಕಾರ್ಡಿಗೆ ಕಟ್ಟುಪಾಡುಗಳನ್ನು ಅವಳೇ ಹಾಕಿಕೊಂಡಳು. ಪೂರ್ತಿ ಬಾಕಿ ಉಳಿತಾಯ ಖಾತೆಯಿಂದ ತಾನಾಗಿ ಕಡಿತವಾಗಬೇಕು. ಅರ್ಜಿಯಲ್ಲಿ ‘ಕನಿಷ್ಠ ಮೊತ್ತ’ ಎಂಬ ಚೌಕಕ್ಕೆ ಮೊದಲೇ ಗುರುತು ಬಿದ್ದಿತ್ತು, ಅದನ್ನು ನೋಡಿ ಬದಲಿಸಿದಳು. ಪುಸ್ತಕ, ರೈಲು ಟಿಕೆಟ್, ಫೋನ್ ರೀಚಾರ್ಜ್, ಈ ಮೂರಕ್ಕೆ ಮಾತ್ರ ಬಳಕೆ. ಇದು ರುಪೇ ಕಾರ್ಡ್, ಯುಪಿಐಗೆ ಜೋಡಿಸಿದರೆ ಚಹಾದಂಗಡಿಯಲ್ಲೂ ಸ್ಕ್ಯಾನ್ ಮಾಡಿ ಸಾಲದಲ್ಲಿ ಕುಡಿಯಬಹುದು. ಜೋಡಿಸಬೇಡ ಎಂದು ನಾನು ಹೇಳಿದೆ, ಅವಳು ಇನ್ನೂ ಜೋಡಿಸಿಲ್ಲ. ಕಾರ್ಡ್ ಬೇಡವಾದರೆ ಮುಚ್ಚಲು ಕೋರಿದ ಏಳು ಕೆಲಸದ ದಿನದೊಳಗೆ ಬ್ಯಾಂಕ್ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು, ಬಾಕಿ ಇರಬಾರದು ಅಷ್ಟೇ. ಈ ನಿಯಮವನ್ನೂ ಅದೇ ಹಾಳೆಯ ಹಿಂದೆ ಬರೆದುಕೊಟ್ಟೆ.

ಕಾರ್ಡಿಗಿಂತ ನನಗೆ ಹೆಚ್ಚು ದಿಗಿಲಿರುವುದು ಖಾತೆಯ ವಿಷಯದಲ್ಲಿ. "ನಿನ್ನ ಖಾತೆಗೆ ಸ್ವಲ್ಪ ಹಣ ಹಾಕಿಸುತ್ತೇನೆ, ತೆಗೆದು ಕೊಡು, ನಿನಗಿಷ್ಟು" ಎಂದು ಕಾಲೇಜು ಮಕ್ಕಳನ್ನು ಹಿಡಿಯುವವರಿದ್ದಾರೆ. ಬರುವುದು ಎಲ್ಲಿಯೋ ಯಾರನ್ನೋ ವಂಚಿಸಿದ ಹಣ. ಪೊಲೀಸರು ಮೊದಲು ಬಂದು ತಟ್ಟುವುದು ಆ ಖಾತೆದಾರರ ಬಾಗಿಲನ್ನು, ಖಾತೆ ಸ್ತಂಭಿಸುತ್ತದೆ, ಸ್ಕಾಲರ್‌ಶಿಪ್ ಹಣವೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಗೆಳತಿಯ ಅಣ್ಣನಾದರೂ ಸರಿ, ನಿನ್ನದಲ್ಲದ ಹಣ ನಿನ್ನ ಖಾತೆಯ ಮೂಲಕ ಹಾಯಬಾರದು ಎಂದು ಹೇಳಿದ್ದೇನೆ. ಖಾತೆ ತೆರೆಯುವ ದಿನವೇ ಮಕ್ಕಳಿಗೆ ಹೇಳಬೇಕಾದ ಮಾತು ಇದು, ಪಿನ್‌ಗಿಂತಲೂ ಮೊದಲು.

ಮಗ ಈಗ ಎಂಟನೆಯ ತರಗತಿ, ಹಾಸನದಲ್ಲೇ ಓದುತ್ತಿದ್ದಾನೆ. ಅಕ್ಕನಿಗೆ ಕೊಟ್ಟಿರಿ, ನನಗೂ ಕೊಡಿ ಎಂಬ ರಗಳೆ ಶುರುವಾಗಿದೆ. ಅವನ ಹೆಸರಿನಲ್ಲಿ ಸ್ವಂತ ಖಾತೆ ತೆರೆಸಿದ್ದೇನೆ, ಪಾಸ್‌ಬುಕ್ ಅವನ ಬಳಿಯೇ ಇದೆ, ಕಾರ್ಡ್‌ಗೆ ಅರ್ಜಿ ಹಾಕಿಲ್ಲ. ಯುಪಿಐ ಸರ್ಕಲ್ ಎಂಬುದು 2024ರಲ್ಲಿ ಬಂದಿದೆ. ಅದರಲ್ಲಿ ನಮ್ಮ ಖಾತೆಯಿಂದಲೇ ಮನೆಯ ಇನ್ನೊಬ್ಬರು ಪಾವತಿಸಬಹುದು, ಪ್ರತಿಯೊಂದಕ್ಕೂ ನಾವು ಒಪ್ಪಿಗೆ ಕೊಡುವಂತೆ ಮಾಡಬಹುದು, ಇಲ್ಲವೇ ತಿಂಗಳಿಗೆ 15,000ದೊಳಗೆ ಮಿತಿ ಹಾಕಿ ಬಿಟ್ಟುಬಿಡಬಹುದು. ಯಜಮಾನರ ಕಣ್ಣು ಈಗ ಅದರ ಮೇಲಿದೆ. ಅವನ ಖರ್ಚು ಸದ್ಯಕ್ಕೆ ಶಾಲೆಯ ಮುಂದಿನ ಚುರುಮುರಿ ಮತ್ತು ಸೈಕಲ್ ಪಂಕ್ಚರ್. ಅದಕ್ಕೆ ಸೋಮವಾರ ಸೋಮವಾರ ಐವತ್ತರ ನೋಟು ಕೊಡುತ್ತಿದ್ದೇನೆ. ಹತ್ತನೆಯ ತರಗತಿ ಮುಗಿದು ಹಾಸ್ಟೆಲ್ ಎಂದಾದರೆ ಅದೇ ಶಾಖೆಗೆ ಹೋಗಿ ಕಾರ್ಡ್‌ಗೆ ಬರೆದುಕೊಡುತ್ತೇವೆ.